ಮುಟ್ಟದೆಯೂ ನೋಯುವ ಕೈ

ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನನ್ನ ಬಲಗೈ ಉರಿಯುತ್ತದೆ ಎಂಬುದನ್ನು ನಾನು ಬಹಳ ದಿನ ಯಾರಿಗೂ ಹೇಳಲಿಲ್ಲ. ಮುಟ್ಟಿದರೆ ನೋಯುತ್ತದೆ ಎಂದರೆ ಜನ ನಂಬುತ್ತಾರೆ. ಗಾಳಿ ಸೋಕಿದರೆ ನೋಯುತ್ತದೆ ಎಂದರೆ ಒಮ್ಮೆ ಮುಖ ನೋಡುತ್ತಾರೆ. ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ಬಡಿದರೆ ನನಗೆ ನೋಯುತ್ತದೆ ಎಂದರೆ ಏನೆಂದಾರು? ನಾನೇ ಬೇರೆ ಯಾರ ಬಾಯಿಂದಲಾದರೂ ಈ ಮಾತು ಕೇಳಿದ್ದರೆ, ಪಾಪ, ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದೆ. ಇದೇ ಮಾತನ್ನು ನುಂಗಿಕೊಂಡು ಎಲ್ಲೋ ಒಬ್ಬರು ಕೂತಿರಬಹುದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಸುಮಂಗಲಾ. ಕುಂದಗೋಳ ತಾಲೂಕಿನ ಯರಗುಪ್ಪಿಗೆ ಸೊಸೆಯಾಗಿ ಬಂದವಳು, ಹತ್ತಿರದ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಗಂಡ ಮಹಾಂತೇಶ ಹೊಲ ನೋಡಿಕೊಳ್ಳುತ್ತಾರೆ. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ. ಮನೆಯಲ್ಲಿ ನಮ್ಮಿಬ್ಬರ ಜೊತೆ ಅತ್ತೆ ಗಂಗವ್ವ. ಮಾತು ಕಡಿಮೆ, ದುಡಿಮೆ ಹೆಚ್ಚು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿದರೆ ಮುಂದಿನ ಕೆಲಸ ಒಲೆಯ ಮುಂದೆ ರೊಟ್ಟಿ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಶಾಲೆಯಿಂದ ಬರುವಾಗ ನನ್ನ ಸ್ಕೂಟಿ ಜಾರಿತು. ನಮ್ಮ ಎರೆಮಣ್ಣಿನ ರಾಡಿ ಗೊತ್ತಿದ್ದವರಿಗೆ ಇದರಲ್ಲಿ ವಿಶೇಷವೇನಿಲ್ಲ. ಬೀಳುವಾಗ ಬಲಗೈ ಊರಿದೆ, ಮಣಿಕಟ್ಟಿನ ಎಲುಬು ಮುರಿಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದರು. ಎಲ್ಲರಿಗೂ ಆಗುವಂಥದ್ದು, ವಾಸಿಯಾಗುವಂಥದ್ದು. ಪ್ಲಾಸ್ಟರಿನ ಒಳಗೆ ಕೈ ಬಿಗಿಯುತ್ತದೆ, ಸುಡುತ್ತದೆ ಎಂದು ಎರಡು ಸಲ ಹೋಗಿ ಹೇಳಿದೆ. "ಸ್ವಲ್ಪ ತಡಕೋರಿ ಟೀಚರ್," ಎಂದರು. ತಡೆದುಕೊಂಡೆ.

ಪ್ಲಾಸ್ಟರ್ ಬಿಚ್ಚಿದ ದಿನ ಹೊರಬಂದ ಕೈ ನನ್ನದಾಗಿರಲಿಲ್ಲ. ಕೆಂಪಗೆ ಊದಿತ್ತು, ಚರ್ಮ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು, "ಎಲುಬು ಅಗದಿ ಛಲೋ ಕೂಡೈತಿ," ಎಂದು ಬೆರಳು ಮಡಿಸಿ ನೋಡಲು ಕೈ ಮುಟ್ಟಿದರು. ನಾನು ಕಿರುಚಿದ್ದಕ್ಕೆ ಹೊರಗೆ ಕೂತವರೆಲ್ಲ ಎದ್ದು ನಿಂತರು. ಡಾಕ್ಟರಿಗೆ ಸಿಟ್ಟು ಬಂತು. "ಇಷ್ಟ ಅಂಜಿದ್ರ ಹೆಂಗ್ರಿ? ಓದಿದವರು ನೀವು. ಕೈಗೆ ಏನೂ ಆಗಿಲ್ಲ."

ಆ ಮೇಲೆ ನಾನು ಕೂತ ಬೆಂಚುಗಳಿಗೆ ಲೆಕ್ಕವಿಲ್ಲ. ಹುಬ್ಬಳ್ಳಿಯ ಒಂದು ದವಾಖಾನೆ, ಮತ್ತೊಂದು, ಧಾರವಾಡದಲ್ಲಿ ಇನ್ನೊಂದು. ಎಲ್ಲ ಕಡೆಯೂ ನೆತ್ತಿಯ ಮೇಲೆ ಫ್ಯಾನು. ಅದರ ಗಾಳಿ ತಾಗದ ಮೂಲೆ ಯಾವುದೆಂದು ಹುಡುಕುವುದೇ ನನ್ನ ಮೊದಲ ಕೆಲಸ. ಸೀರೆಯ ಸೆರಗು ತಾಗದಂತೆ ಕೈಯನ್ನು ಎದೆಯಿಂದ ದೂರ ಎತ್ತಿ ಹಿಡಿದು ಕೂರುತ್ತಿದ್ದೆ. ಒಮ್ಮೆ ಒಬ್ಬರ ಮಡಿಲ ಕೂಸು ಆಡುತ್ತ ಆಡುತ್ತ ನನ್ನ ಕಡೆ ಕೈ ಚಾಚಿತು. ನಾನು ಹಾವು ಕಂಡವಳಂತೆ ಹಿಂದೆ ಸರಿದೆ. ಆ ತಾಯಿ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ರಿಪೋರ್ಟುಗಳೆಲ್ಲ ಸರಿಯಾಗಿದ್ದವು. ಅದೇ ನನಗೆ ಶತ್ರುವಾಯಿತು. ಒಬ್ಬರು ವಿಟಮಿನ್ ಬರೆದರು, ಒಬ್ಬರು ನಿದ್ದೆಯ ಗುಳಿಗೆ ಕೊಟ್ಟರು. ಮತ್ತೊಬ್ಬರು ನನ್ನನ್ನು ಹೊರಗೆ ಕೂರಿಸಿ ಗಂಡನನ್ನು ಒಳಗೆ ಕರೆದು, "ಮನ್ಯಾಗ ಏನರ ಜಗಳ ಐತೇನ್ರಿ?" ಎಂದು ಕೇಳಿದರಂತೆ. ಇದನ್ನು ಗಂಡ ನನಗೆ ಹೇಳಿದ್ದು ಊರಿನ ಹತ್ತಿರ ಬಂದ ಮೇಲೆ, ಮುಖ ಬೇರೆ ಕಡೆ ಮಾಡಿಕೊಂಡು.

ಅಷ್ಟರಲ್ಲಿ ಉರಿ ಮಣಿಕಟ್ಟಿನಿಂದ ಮೊಣಕೈ ದಾಟಿ ಮೇಲೆ ಬಂದಿತ್ತು. ಕೆಂಪಗಿದ್ದ ಕೈ ನೀಲಿಗಟ್ಟಿ ತಣ್ಣಗಾಗಿತ್ತು. ಹೊರಗೆ ಮುಟ್ಟಿದವರಿಗೆ ಬಾವಿಯ ನೀರಿನಷ್ಟು ತಂಪು, ಒಳಗೆ ನನಗೆ ಕೆಂಡ. ಆಮೇಲೆ ಒಂದು ಬೆಳಿಗ್ಗೆ, ನಾನು ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದಾಗ, ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯಲು ಶುರು ಮಾಡಿದರು. ಮೊದಲ ಪೆಟ್ಟಿಗೇ ನನ್ನ ಅಂಗೈಗೆ ಬಾರಿಸಿದಂತಾಯಿತು. ಎರಡನೆಯದು, ಮೂರನೆಯದು. ನನ್ನ ಕೈ ಗಾಳಿಯಲ್ಲಿತ್ತು, ಯಾರೂ ಹತ್ತಿರ ಇರಲಿಲ್ಲ. ಅಂದು ನನಗೆ ನೋವಿಗಿಂತ ಹೆಚ್ಚಾಗಿ ನನ್ನದೇ ಭಯವಾಯಿತು.

ಕೆಲವು ವಾರ ಸೆರಗು ಕಚ್ಚಿಕೊಂಡು ಸಹಿಸಿದೆ. ಕೊನೆಗೆ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿಬಿಟ್ಟೆ.

"ಅತ್ತಿ, ನೀವು ರೊಟ್ಟಿ ಬಡದ್ರ ನನ್ನ ಕೈಗೆ ಬಡದಂಗ ಆಕ್ಕೈತ್ರಿ."

ಅತ್ತೆ ತಲೆ ಎತ್ತಿ ನೋಡಿದರು. ಹಿಟ್ಟಿನ ಕೈ ಹಾಗೇ ನಿಂತಿತು. ನಗುತ್ತಾರೆ ಅಥವಾ ಬೈಯುತ್ತಾರೆ ಎಂದು ಕಾದೆ. ಅವರು ಅರ್ಧ ನಾದಿದ ಹಿಟ್ಟನ್ನು ಮುಚ್ಚಿಟ್ಟು, "ಇವತ್ತ ಅನ್ನಾ ಉಣ್ಣೂಣು ತೊಗೊ," ಎಂದರು.

ಮರುದಿನದಿಂದ ಅತ್ತೆ ಹಿಟ್ಟು ತೆಗೆದುಕೊಂಡು ಓಣಿಯ ಆ ತುದಿಯ ಬೀಗರ ಮನೆಗೆ ಹೋಗತೊಡಗಿದರು. ಅಲ್ಲಿ ರೊಟ್ಟಿ ಮಾಡಿ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಆ ವಯಸ್ಸಿನಲ್ಲಿ, ಇನ್ನೊಬ್ಬರ ಒಲೆಯ ಮುಂದೆ ಕೂತು. ಜನ ಕೇಳಿದರೆ ಏನು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಇಷ್ಟು ಡಾಕ್ಟರುಗಳಲ್ಲಿ ಒಬ್ಬರೂ ನಂಬದ ನೋವನ್ನು ನಮ್ಮ ಅತ್ತೆ ಒಂದೇ ಸಲಕ್ಕೆ ನಂಬಿದ್ದರು. ಅಂದು ನಾನು ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ.

ಮನೆ ಮೆಲ್ಲಗೆ ನನ್ನ ಕೈಯ ಸುತ್ತ ಮೌನವಾಯಿತು. ಅರಿವೆ ಒಗೆಯುವುದು ಹಿತ್ತಲಿನಿಂದ ಹಳ್ಳಕ್ಕೆ ಹೋಯಿತು. ಬೇಸಿಗೆಯಲ್ಲೂ ಫ್ಯಾನು ಹಾಕಲಿಲ್ಲ. ಗಂಡ ಹೊರಗೆ ಕಟ್ಟೆಯ ಮೇಲೆ ಮಲಗಿದರು. ಬಾಗಿಲ ಚಿಲಕಕ್ಕೆ ಅತ್ತೆ ಅರಿವೆ ಸುತ್ತಿದರು. ರಜೆಗೆ ಬಂದ ಮಗಳು ತಬ್ಬಿಕೊಳ್ಳಲು ಓಡಿ ಬಂದವಳು ಎರಡು ಹೆಜ್ಜೆ ದೂರದಲ್ಲೇ ನಿಂತು, "ಅವ್ವಾ, ಎಡಗಡೆಯಿಂದ ಬರ್ಲೇನು?" ಎಂದು ಕೇಳಿದಳು. ಎಲ್ಲರೂ ಇಷ್ಟು ಕಾಪಾಡಿದರೂ ನನ್ನ ಕೈ ಸುಧಾರಿಸಲಿಲ್ಲ. ದಿನದಿಂದ ದಿನಕ್ಕೆ ಸಣ್ಣ ಸಣ್ಣ ಸಪ್ಪಳಗಳಿಗೂ ಉರಿಯತೊಡಗಿತು. ಚಮಚ ತಟ್ಟೆಗೆ ತಾಗಿದರೆ ಸಾಕು. ಗಂಡ ಊಟ ಮಾಡುವಾಗ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಳ್ಳನಂತೆ ಉಣ್ಣುತ್ತಿದ್ದರು.

ಒಂದು ಮಧ್ಯಾಹ್ನ ಅವರ ತಾಳ್ಮೆ ಮುಗಿಯಿತು. ಅವರ ಕೈಯಿಂದ ಕೊಡ ಜಾರಿ ಬಿದ್ದು, ನಾನು ಕೂಗಿಕೊಂಡಾಗ, ಅವರೂ ಕೂಗಿದರು. "ಉಸರಾಡ್ಲೋ ಬ್ಯಾಡೋ ಹೇಳು ಸುಮಾ! ಈ ಮನ್ಯಾಗ ನಾ ಉಸರಾಡ್ಲೋ ಬ್ಯಾಡೋ?" ಹೇಳಿದ ಕೂಡಲೇ ತಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಹೇಳಿದ್ದು ನಿಜವೆಂದೇ ಅನ್ನಿಸಿತು. ಈ ಮನೆಯಲ್ಲಿ ಯಾರೂ ಉಸಿರಾಡುತ್ತಿಲ್ಲ, ಅದಕ್ಕೆ ಕಾರಣ ಈ ಕೈ.

ಅದಾದ ಕೆಲವು ದಿನಕ್ಕೆ ನಾನು ದನದ ಮನೆಯಲ್ಲಿ, ಮೇವು ಕತ್ತರಿಸುವ ಮಷಿನ್ನಿನ ಮುಂದೆ ನಿಂತಿದ್ದೆ. ಅಲ್ಲಿಗೆ ಹೇಗೆ ಬಂದೆ ಎಂಬುದು ಸರಿಯಾಗಿ ನೆನಪಿಲ್ಲ. ಸಾಯಬೇಕೆಂದು ನನಗೆ ಅನ್ನಿಸಿರಲಿಲ್ಲ. ಈ ಕೈಯೊಂದು ನನ್ನಿಂದ ದೂರವಾಗಲಿ, ಅಷ್ಟೇ. ಎಷ್ಟು ಹೊತ್ತು ನಿಂತಿದ್ದೆನೋ. ರೊಟ್ಟಿಯ ಗಂಟು ಹಿಡಿದು ಬಂದ ಅತ್ತೆ ಬಾಗಿಲಲ್ಲಿ ಕಂಡರು.

"ಮೇವು ಹಾಕಾಕ ಬಂದಿದ್ಯೇನು?"

"ಹೂಂ ಅತ್ತಿ."

ಅವರು ಗಂಟನ್ನು ಕೆಳಗಿಟ್ಟರು. ನನ್ನ ಎಡ ಭುಜ ಹಿಡಿದು ಮೆಲ್ಲಗೆ ಹೊರಗೆ ನಡೆಸಿಕೊಂಡು ಬಂದರು. ಸಂಜೆ ಮಗನಿಗೆ, "ನಾಳಿಗೆ ಹುಬ್ಬಳ್ಳಿಗೆ ಹೋಗೂಣು. ನಾನೂ ಬರ್ತೀನಿ," ಎಂದರು. ಮೇವಿನ ಮಷಿನ್ನಿನ ವಿಷಯ ಅವರು ಹೇಳಲಿಲ್ಲ, ನಾನೇ ಹೇಳಿದೆ. ಗಂಡ ಎದ್ದು ಹೋಗಿ ಮಷಿನ್ನಿನ ವೈರು ಬಿಚ್ಚಿ ತಂದು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ಕೂತರು.

ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆಯ ಡಾಕ್ಟರ ಎದುರು ಕೂತು ನಾನು ನೇರವಾಗಿ ಕೇಳಿದೆ. "ಈ ಕೈ ತಗದು ಬಿಡ್ರಿ ಸರ್. ನಾನು, ನಮ್ಮ ಮನಿಯವರು ಇಬ್ಬರೂ ಸಹಿ ಮಾಡ್ತೀವಿ."

ಹಿರಿಯ ಡಾಕ್ಟರು. ನಗಲಿಲ್ಲ, ಬೈಯಲಿಲ್ಲ. ಕೈಯನ್ನು ಮುಟ್ಟದೆ, ಹತ್ತಿರದಿಂದ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು. "ತಗೀಬಹುದವಾ. ಆದರ ಉರಿ ಹೋಗಂಗಿಲ್ಲ. ಕೈ ಇಲ್ಲದ ಜಾಗಾದಾಗೂ ಅದು ಉರೀತೈತಿ."

ಅದಕ್ಕಿಂತ ದೊಡ್ಡ ಶಿಕ್ಷೆಯ ಮಾತನ್ನು ನಾನು ಜೀವನದಲ್ಲಿ ಕೇಳಿಲ್ಲ. ಅಲ್ಲಿಯವರೆಗೆ ನನಗೆ ಒಂದು ಬಾಗಿಲಾದರೂ ಇತ್ತು, ಎಷ್ಟೇ ಭಯಂಕರವಾಗಿರಲಿ. ಅವರು ಅದನ್ನೂ ಮುಚ್ಚಿದರು. ಮೇಲಿನ ಮಹಡಿಯಲ್ಲಿ ನೋವಿಗೇ ಇರುವ ಡಾಕ್ಟರನ್ನು ಕಾಣಲು ಚೀಟಿ ಬರೆದು ಕೊಟ್ಟರು. ಮೆಟ್ಟಿಲ ನಡುವೆ ನಾನು ಕೂತುಬಿಟ್ಟೆ. ಹತ್ತುವವರು, ಇಳಿಯುವವರು ನನ್ನನ್ನು ಬಳಸಿಕೊಂಡು ಹೋದರು. ಅತ್ತೆ ನನ್ನ ಬಲಗಡೆ, ಯಾರೂ ತಾಗದಂತೆ, ಎರಡೂ ಕೈ ಅಗಲಿಸಿ ನಿಂತರು.

ನೋವಿನ ಡಾಕ್ಟರು ನನಗಿಂತ ಚಿಕ್ಕವರಾದ ಹೆಣ್ಣುಮಗಳು. ಒಳಗೆ ಹೋದ ಕೂಡಲೇ ಅವರು ಮಾಡಿದ ಮೊದಲ ಕೆಲಸ, ಎದ್ದು ಫ್ಯಾನು ಆರಿಸಿದ್ದು. ನಾವು ಯಾರೂ ಕೇಳಿರಲಿಲ್ಲ. ನಾನು ರೊಟ್ಟಿಯ ಸಪ್ಪಳದ ಮಾತು ಹೇಳುವಾಗ ಅವರ ಮುಖ ನೋಡಲು ಧೈರ್ಯವಾಗದೆ ಮೇಜು ನೋಡುತ್ತಿದ್ದೆ. ಅವರು, "ನೋಡಿದ್ರೂ ಉರಿತೈತೇನ್ರಿ? ಬ್ಯಾರೆಯವರ ಕೈಗೆ ಪೆಟ್ಟು ಬೀಳೋದು ನೋಡಿದ್ರ?" ಎಂದು ಕೇಳಿದರು. ತಲೆ ಎತ್ತಿದೆ. ಅವರಿಗೆ ಗೊತ್ತಿತ್ತು. ನನ್ನಂಥವರನ್ನು ಅವರು ಮೊದಲೇ ನೋಡಿದ್ದರು.

ಕಾಯಿಲೆಗೆ ಇಂಗ್ಲಿಷಿನ ಉದ್ದ ಹೆಸರಿತ್ತು, ಚಿಕ್ಕದಾಗಿ ಸಿಆರ್‌ಪಿಎಸ್ ಎಂದರು. ಹೆಸರಿಗಿಂತ ಅವರು ಹೇಳಿದ ರೀತಿ ನನಗೆ ನೆನಪಿದೆ. "ಕೈಯಿಂದ ಸುದ್ದಿ ಬೆನ್ನುಹುರಿಗೆ ಹೋಗ್ತೈತಿ, ಅಲ್ಲಿಂದ ಮಿದುಳಿಗೆ. ನಿಮ್ಮ ಬೆನ್ನುಹುರಿ ಈಗ ಸಣ್ಣ ಸುದ್ದಿನೂ ದೊಡ್ಡದು ಮಾಡಿ ಮ್ಯಾಲೆ ಕಳಸಾಕತ್ತೈತಿ. ಅರಿವಿ ತಾಗಿದ್ರ ಬೆಂಕಿ ತಾಗೇತಿ ಅಂತ. ದಿನಾ ಅದನ್ನ ಕೇಳಿ ಕೇಳಿ ಮಿದುಳು ಅಂಜೈತಿ. ಈಗ ಮಿದುಳ ಕೆಳಗ ಹೇಳಿ ಕಳಸ್ತೈತಿ, ಹುಷಾರಾಗಿರು, ಏನ ಬಂದ್ರೂ ಜೋರ ಹೇಳು ಅಂತ. ಕೈಯಾಗಿನ ಗಾಯ ಎಂದೋ ಮಾಯ್ದೈತಿ. ಒದರಾಟ ನಿಂತಿಲ್ಲ."

ನಾನು ವರ್ಷವೂ ಮಕ್ಕಳಿಗೆ ಕಲಿಸುವ ಪಾಠ. ಕಾಲಿಗೆ ಮುಳ್ಳು ಚುಚ್ಚಿದರೆ ಸಂದೇಶ ಹೇಗೆ ಮೇಲೆ ಹೋಗುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಬರೆದಿದ್ದೇನೆ. ಮಿದುಳಿನಿಂದ ಕೆಳಗೆ ಇಳಿದು ಬಂದು ನೋವನ್ನೇ ಹೆಚ್ಚು ಮಾಡುವ ಬಾಣವನ್ನು ನಾನು ಎಂದೂ ಬರೆದಿರಲಿಲ್ಲ.

"ಹಂಗಾರ ನಂದು ಸುಳ್ಳ ನೋವೇನ್ರಿ ಮೇಡಂ?"

"ಯಾರ ಹೇಳಿದ್ರು ಸುಳ್ಳಂತ? ನೋವು ಖರೇನ ಐತಿ. ಗಾಯ ಇಲ್ಲ, ಅಷ್ಟ."

ನಾನು ಅಳುತ್ತಿದ್ದಾಗ ಡಾಕ್ಟರು ಅತ್ತೆಯ ಕಡೆ ತಿರುಗಿ, ಮನೆಯಲ್ಲಿ ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಅತ್ತೆ ಎಂದೂ ಇಲ್ಲದಷ್ಟು ಮಾತಾಡಿದರು. ರೊಟ್ಟಿ ಬೇರೆ ಮನೆಯಲ್ಲಿ ಮಾಡುವುದು, ಚಿಲಕಕ್ಕೆ ಅರಿವೆ ಸುತ್ತಿದ್ದು, ಫ್ಯಾನು, ಕೊಡ, ಚಮಚ. "ಒಂದ ಸಪ್ಪಳ ಆಗಾಕ ಬಿಟ್ಟಿಲ್ರಿ ನಾ," ಎಂದು ಮುಗಿಸಿದರು.

ಡಾಕ್ಟರು ಕುರ್ಚಿಯನ್ನು ಅತ್ತೆಯ ಹತ್ತಿರ ಸರಿಸಿಕೊಂಡು ಮೆಲ್ಲಗೆ ಹೇಳಿದರು. "ಅಮ್ಮಾ, ನಿಮ್ಮಷ್ಟು ಯಾರೂ ಮಾಡಂಗಿಲ್ಲ. ಆದರ ಇನ್ನ ಮ್ಯಾಲೆ ಹಂಗ ಮಾಡಬ್ಯಾಡ್ರಿ. ಮನಿ ಎಷ್ಟ ಸುಮ್ಮನಾಕ್ಕೈತಿ, ಅವರ ಮಿದುಳು ಅಷ್ಟ ಕಿವಿ ಕೊಟ್ಟ ಕೇಳತೈತಿ. ದಿನಾ ಅವರ ಮುಂದ ರೊಟ್ಟಿ ಬಡೀಬೇಕು. ಮೊದಲ ಒಂದು, ಆಮ್ಯಾಲೆ ಎರಡು."

ಅತ್ತೆ ನನ್ನ ಮುಖ ನೋಡಿದರು, ಡಾಕ್ಟರ ಮುಖ ನೋಡಿದರು. "ಅಕಿ ಒದರಿದ್ರ?"

"ಒದರ್ತಾರ. ನೀವು ನಿಲ್ಲಸಬಾರದು."

ಮನೆಗೆ ಬಂದ ಮೇಲೆ ಅತ್ತೆ ಒಪ್ಪಲಿಲ್ಲ. ಗುಳಿಗೆ ಕೊಟ್ಟರು, ಸ್ಪರ್ಶ ರೂಢಿಯಾಗಲೆಂದು ದಿನವೂ ಹತ್ತಿಯಿಂದ ಕೈ ಸವರಿಕೊಳ್ಳುವಾಗ ಪಕ್ಕದಲ್ಲಿ ಕೂತರು. ಕನ್ನಡಿಯ ಮುಂದೆ ಎಡಗೈ ಇಟ್ಟು, ಅದರ ಬಿಂಬವನ್ನೇ ಬಲಗೈ ಎಂದು ನೋಡುತ್ತ ಬೆರಳು ಆಡಿಸುವ ಅಭ್ಯಾಸಕ್ಕೆ ತಮ್ಮ ತವರಿನ ಕನ್ನಡಿ ತಂದಿಟ್ಟರು. ಆದರೆ ರೊಟ್ಟಿ ಮಾತ್ರ ಓಣಿಯ ತುದಿಯಿಂದಲೇ ಬರುತ್ತಿತ್ತು. ಗಂಡ ಕೇಳಿಕೊಂಡಾಗ, "ಮಗಳಂಗ ಇರೂ ಅಕಿನ ಎದುರ ಕುಂದ್ರಿಸಿ ಬಡೀ ಅಂತೀಯಲ್ಲೋ. ನಿನಗರ ಕರುಳೈತೋ ಇಲ್ಲೋ," ಎಂದು ಬೈದರು.

ಕೊನೆಗೆ ನಾನೇ ಹೋಗಿ ಅವರ ಮುಂದೆ ಕೂತೆ. "ಅತ್ತಿ, ಆ ದಿನ ದನದ ಮನ್ಯಾಗ ನಾ ಮೇವು ಹಾಕಾಕ ನಿಂತಿದ್ದಿಲ್ಲ. ನಿಮಗ ಗೊತ್ತೈತಿ. ನನಗ ಇದೊಂದ ದಾರಿ ಉಳದೈತಿ."

ಅತ್ತೆ ಎದ್ದು ಒಲೆ ಹಚ್ಚಿದರು.

ಮೊದಲ ರೊಟ್ಟಿಗೆ ನಾನು ಕಿರುಚಿದ್ದು ಓಣಿಗೆಲ್ಲ ಕೇಳಿತು. ಗೋಡೆಗೆ ತಲೆ ಆನಿಸಿ, ಎಡಗೈಯಲ್ಲಿ ಗಂಡನ ಅಂಗಿ ಹಿಡಿದು ಎಳೆದು ಹರಿದೆ. ಅತ್ತೆ ನಿಲ್ಲಿಸಲಿಲ್ಲ. ಅವರ ಕಣ್ಣೀರು ಹಿಟ್ಟಿನ ಮೇಲೆ ಬೀಳುತ್ತಿತ್ತು, ಬಡಿಯುತ್ತಲೇ ಇದ್ದರು. ರೊಟ್ಟಿ ಹಂಚಿಗೆ ಹಾಕಿದ ಮೇಲೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು, ಆ ದಿನ ಮಧ್ಯಾಹ್ನದವರೆಗೂ ಒಳಗೆ ಬರಲಿಲ್ಲ. ಆ ರೊಟ್ಟಿಯನ್ನು ಯಾರೂ ಉಣ್ಣಲಿಲ್ಲ.

ಇದರಿಂದ ಬೇಗ ಗುಣವಾಯಿತು ಎಂದು ಬರೆಯಲು ನನಗೂ ಆಸೆ. ಆದರೆ ಮೊದಲ ವಾರಗಳು ಹಿಂದಿನದಕ್ಕಿಂತ ಕೆಟ್ಟದಾಗಿದ್ದವು. ಗುಳಿಗೆಯ ಮಂಪರು, ಒಣಗಿದ ಬಾಯಿ, ಉರಿ. ಬೆಳಗಾಗುವುದೇ ಬೇಡ ಎನ್ನಿಸುತ್ತಿತ್ತು, ಬೆಳಗಾದರೆ ರೊಟ್ಟಿ. ಅತ್ತೆ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುವ ಸಪ್ಪಳಕ್ಕೇ ನನ್ನ ಕೈ ಉರಿಯಲು ಶುರುವಾಗುತ್ತಿತ್ತು. ನನಗಾಗಿ ಇಷ್ಟು ಮಾಡಿದ ಆ ಜೀವವನ್ನು ಆಗ ಕೆಲವು ಗಳಿಗೆ ನಾನು ದ್ವೇಷಿಸಿದೆ. ಅವರಿಗೆ ಅದು ತಿಳಿದಿತ್ತೆಂದು ತೋರುತ್ತದೆ. ನನ್ನ ಕಡೆ ನೋಡುತ್ತಿರಲಿಲ್ಲ. ಎರಡು ಸಲ ನಾನು ಬಿಟ್ಟುಬಿಟ್ಟೆ. ಎರಡು ಸಲವೂ ಡಾಕ್ಟರು ಫೋನಿನಲ್ಲಿ, "ಬೈಯಂಗಿಲ್ಲ ನಾ. ಎಷ್ಟರಾಗ ತಡಕೊಳ್ಳಾಕ ಆಕ್ಕೈತಿ, ಅಷ್ಟರಿಂದ ಶುರು ಮಾಡೂಣು," ಎಂದರು. ಕಡೆಗೆ ನಾನು ಹಿತ್ತಲಲ್ಲಿ ಕೂತು, ಬಾಗಿಲು ಹಾಕಿಕೊಂಡು ಕೇಳುವುದರಿಂದ ಶುರು ಮಾಡಿದೆವು. ಆಮೇಲೆ ಬಾಗಿಲು ತೆರೆದು. ಆಮೇಲೆ ಪಡಸಾಲೆ.

ಮಳೆ ಬಂದು, ಹೆಸರುಕಾಳಿನ ಬಿತ್ತನೆ ಮುಗಿದ ಹೊತ್ತಿಗೆ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂರುವಷ್ಟಾಗಿದ್ದೆ. ಉರಿ ಇತ್ತು, ಹಲ್ಲು ಕಚ್ಚಿಕೊಂಡೇ ಇದ್ದೆ. ಆ ದಿನ ಅತ್ತೆಯ ಕೈಯನ್ನು ಮೊದಲ ಸಲ ನೋಡಿದೆ. ಬಡಿಯುತ್ತಿರಲಿಲ್ಲ ಅವರು. ಮಲಗಿದ ಕೂಸನ್ನು ತಟ್ಟುವಂತೆ ತಟ್ಟುತ್ತಿದ್ದರು. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ, ಎತ್ತುವಾಗ ನಡುವೆ ಹರಿಯುತ್ತಿತ್ತು. ಇಡೀ ಓಣಿಯಲ್ಲಿ ಅತ್ತೆಯ ರೊಟ್ಟಿಯಂಥ ರೊಟ್ಟಿ ಇರಲಿಲ್ಲ. ಎಷ್ಟು ದಿನದಿಂದ ನಾವು ಹರಿದ ರೊಟ್ಟಿ ಉಣ್ಣುತ್ತಿದ್ದೆವೋ ನನಗೆ ಗಮನವೇ ಇರಲಿಲ್ಲ.

"ಅತ್ತಿ, ಗಟ್ಟಿ ಬಡೀರಿ," ಎಂದೆ. "ರೊಟ್ಟಿ ಹರಿಯಾಕತ್ತಾವು."

ಅತ್ತೆ ತಲೆ ಎತ್ತಲಿಲ್ಲ. "ಹರದ್ರ ಹರೀಲಿ ಬಿಡ."

"ಬ್ಯಾಡ್ರಿ. ಮೊದಲಿನಂಗ ಬಡೀರಿ."

ಬಡಿದರು. ಉರಿ ಮೊಣಕೈಯವರೆಗೆ ಏರಿತು. ನಾನು ಎದ್ದು ಹೋಗಲಿಲ್ಲ.

ಈಗಲೂ ನಾನು ಗುಣವಾದವಳಲ್ಲ. ಶಾಲೆಗೆ ಹೋಗುತ್ತೇನೆ, ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಓದುವಷ್ಟರ ಮಟ್ಟಿಗೆ ಅಕ್ಷರ ಬಂದಿವೆ. ಬಲಗೈಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತೇನೆ, ಲೋಟ ಹಿಡಿಯುತ್ತೇನೆ. ಸ್ನಾನದ ನೀರು ಬೀಳುವಾಗ ಇನ್ನೂ ಕೈಯನ್ನು ಹೊರಗಿಡುತ್ತೇನೆ. ಕಳೆದ ಚಳಿಗಾಲದಲ್ಲಿ ಬಾಗಿಲಿಗೆ ಸ್ವಲ್ಪ ತಾಗಿದ್ದಕ್ಕೆ ಎಲ್ಲವೂ ಮೊದಲಿನಂತಾಯಿತು. ಎರಡು ವಾರ ಹಾಸಿಗೆಯಲ್ಲಿ ಬಿದ್ದು, ಇಷ್ಟೆಲ್ಲ ಮಾಡಿದ್ದು ಇದಕ್ಕೇ ಏನು ಎಂದು ಗೋಡೆ ನೋಡುತ್ತಿದ್ದೆ. ಮತ್ತೆ ಹತ್ತಿಯಿಂದ, ಮತ್ತೆ ಹಿತ್ತಲಿನಿಂದ ಶುರು ಮಾಡಬೇಕಾಯಿತು. ಇನ್ನೊಮ್ಮೆ ಹಾಗಾದರೆ ಎಂಬ ಭಯ ಬೆಳಿಗ್ಗೆ ನನಗಿಂತ ಮೊದಲು ಏಳುತ್ತದೆ.

ಕಳೆದ ತಿಂಗಳು ಕುಂದಗೋಳದಿಂದ ಬರುವ ಬಸ್ಸಿನಲ್ಲಿ ನಾನು ಮುಂದಿನ ಬಾಗಿಲ ಪಕ್ಕದ ಸೀಟಿನಲ್ಲಿದ್ದೆ. ದಾರಿಯಲ್ಲಿ ಕೈಚೀಲ ಹಿಡಿದ ಒಬ್ಬ ಮುದುಕಿ ಹತ್ತಲು ಬಂದಳು. ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಏನೋ ಹುಡುಕಿ, ಕೈಗೆ ಸಿಕ್ಕ ನನ್ನ ಬಲಗೈಯನ್ನೇ ಗಟ್ಟಿಯಾಗಿ ಹಿಡಿದಳು. ಎರಡು ವರ್ಷದಲ್ಲಿ ನನ್ನನ್ನು ಕೇಳದೆ ಆ ಕೈ ಮುಟ್ಟಿದವರು ಯಾರೂ ಇರಲಿಲ್ಲ. ಕಣ್ಣಿಗೆ ಕತ್ತಲು ಬಂತು. ಬಿಟ್ಟರೆ ಅವಳು ಬೀಳುತ್ತಿದ್ದಳು. ಎಳೆದುಕೊಂಡೆ.

ನನ್ನ ಪಕ್ಕದಲ್ಲಿ ಕೂತು ದಮ್ಮು ಬಿಡುತ್ತ, ಹಿಡಿದ ಕೈಯನ್ನು ಅವಳು ಬಿಡಲಿಲ್ಲ. "ಯವ್ವಾ, ಯಾಕ ಇಷ್ಟ ತಣ್ಣಗ ಐತಿ ನಿನ್ನ ಕೈ? ಚಳಿ ಜ್ವರಾ ಬಂದಾವೇನ?" ಎಂದು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ತಿಕ್ಕತೊಡಗಿದಳು. ಬಿಡು ಎನ್ನಲು ಬಾಯಿ ತೆರೆದೆ. ಉರಿ ಭುಜದವರೆಗೂ ಬಂತು, ಕಣ್ಣಲ್ಲಿ ನೀರು ಬಂತು, ಕಿಟಕಿಯ ಕಡೆ ಮುಖ ಮಾಡಿದೆ. ಆ ಉರಿಯ ಒಳಗೇ, ಇನ್ನೇನೋ ಒಂದು ಸಣ್ಣದಾಗಿ ತಿಳಿಯತೊಡಗಿತು. ಅವಳ ಅಂಗೈ ಒರಟಾಗಿತ್ತು. ಹೆಬ್ಬೆರಳ ಬುಡದಲ್ಲಿ ಒಂದು ಸೀಳು ಇತ್ತು. ಬೆಚ್ಚಗಿತ್ತು.

ನನ್ನ ಊರು ಬರುವವರೆಗೂ ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.